ಬಂಗಾರದ ಮೀನಿನ ಗಲ್ಲ

ಮಹಮ್ಮದಗೌಸ ಎಡಗೈಯಲ್ಲಿ ಒದ್ದೆ ಬಟ್ಟೆಯೊಳಗೆ ಬಂಗಾರದ ಮೀನನ್ನು ಹಿಡಿದು, ಬಲಗೈಯಲ್ಲಿ ಪಟಿಕದ ಹರಳು ಎತ್ತಿದ್ದ. ದಾಡಿ ಮುಗಿದ ಮೇಲೆ ಗಿರಾಕಿಗಳ ಗಲ್ಲಕ್ಕೆ ತಿಕ್ಕುವ ಅದೇ ಹರಳು. ಅದಿನ್ನೂ ಮೀನಿನ ಮುಖಕ್ಕೆ ತಾಗಿರಲಿಲ್ಲ, ಅಷ್ಟರಲ್ಲಿ ಕುಪ್ಪೇಲೂರಿನ ಕರಬಸಪ್ಪಜ್ಜ ಮೊಮ್ಮಗ ಸುಭಾಷನನ್ನು ಕರೆದುಕೊಂಡು ಅಂಗಡಿಯ ಬಾಗಿಲಿಗೆ ಬಂದು ನಿಂತ.

“ಮೀನಿಗೂ ದಾಡಿ ಶುರು ಮಾಡೀಯೇನೋ ಗೌಸ?”

“ದಾಡಿ ಅಲ್ರಿ ಅಜ್ಜಾರ. ಮಾರಿಗೆ ಬಿಳೇ ಗುಳ್ಳಿ ಎದ್ದಾವ್ರಿ. ಹುಳ ಹತ್ತೈತಿ ಅಂತಾರ. ಉಪ್ಪು ನೀರಾಗ ಇಟ್ಟೆ, ಮೀನಿನ ಅಂಗಡ್ಯಾವ ಕೊಟ್ಟ ನೀಲಿ ಔಷಧ ಹಾಕಿದೆ. ನೀರು ನೀಲಿ ಆತು, ಗುಳ್ಳಿ ಹಂಗ ಅದಾವ್ರಿ. ಕಡೀಕ ನಮ್ಮ ಕಸುಬಿನ ಔಷಧನ ನೋಡೋಣಂತ...”

“ಮೊದಲ ಅದನ್ನ ನೀರಿಗೆ ಬಿಡು. ಉಸಿರಾಡಲಿ.”

ಗೌಸ ಬಿಟ್ಟ. ಗಾಜಿನ ತೊಟ್ಟಿಯಲ್ಲಿದ್ದ ಇನ್ನೆರಡು ಮೀನುಗಳ ನಡುವೆ ಅದು ಸರ್ರನೆ ಹೋಗಿ ಸೇರಿಕೊಂಡಿತು. ಸುಭಾಷ ಮಾತ್ರ ಹೊಸ್ತಿಲು ದಾಟಲಿಲ್ಲ. ನಾಡಿದ್ದು ಅವನ ಲಗ್ನ. ಮದುಮಗನೂ ಅವನ ಕಡೆಯ ಗಂಡಸರೂ ಒಂದೇ ಅಂಗಡಿಯಲ್ಲಿ ಕ್ಷೌರ ಮಾಡಿಸಿಕೊಳ್ಳುವುದು ಆ ಮನೆಯ ರೂಢಿ. ಕರಬಸಪ್ಪಜ್ಜನನ್ನು ಮದುಮಗ ಮಾಡಿದವನು ಗೌಸನ ಅಪ್ಪ, ಇದೇ ಕುರ್ಚಿಯಲ್ಲಿ. ಈಗ ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ತನಕ ಮಾತು ಹರಡಿತ್ತು: ಗೌಸನ ಅಂಗಡಿಯ ಮೀನಿಗೆ ಕಜ್ಜಿ ಬಿದ್ದಿದೆ, ಅದೇ ಕೈ, ಅದೇ ಟವೆಲ್. ಈ ಮನೆಯವರು ಎದುರಿನ ತಣ್ಣನೆ ಗಾಳಿಯ ಹೊಸ ಅಂಗಡಿಗೆ ಹೋದರೆ ಇಡೀ ಕುಪ್ಪೇಲೂರು ಅವರ ಬೆನ್ನ ಹಿಂದೆ ಹೋಗುತ್ತದೆ. ಅದು ಗೌಸನಿಗೆ ಗೊತ್ತಿತ್ತು.

“ಯಜ್ಜಾ, ನಾ ಇಲ್ಲಿ ಕುಂದ್ರಂಗಿಲ್ಲ,” ಅಂದ ಸುಭಾಷ. “ಮೀನಿಗೆ ಹತ್ತಿದ್ದು ಮನಷ್ಯಾಗ ಹತ್ತಾಕ ಎಷ್ಟೊತ್ತು? ಫೋಟೋದಾಗ ಮಾರಿ ತುಂಬ ಗುಳ್ಳಿ ಕಂಡ್ರ?”

“ನಿನ್ನ ಮಾರಿ ಮ್ಯಾಲೆ ಆಗಲೇ ಮೂರು ಅದಾವ. ಅವು ಯಾವ ಮೀನಿಂದ ಬಂದ್ವು?”

ಸುಭಾಷ ಗಲ್ಲ ಮುಚ್ಚಿಕೊಂಡ. ಅಜ್ಜ ಬೆಂಚನ್ನು ತೊಟ್ಟಿಯ ಮುಂದೆ ಎಳೆದುಕೊಂಡು, ಮೊಣಕಾಲ ಮೇಲೆ ಕೈಯಿಟ್ಟು ಕುಳಿತ. ಐವತ್ತು ವರ್ಷ ಕುರಿ ಕಾಯ್ದ ಕಣ್ಣು. ಅವಸರ ಅದಕ್ಕೆ ಗೊತ್ತಿರಲಿಲ್ಲ. ಎರಡು ದಾಡಿ ಮುಗಿಯುವಷ್ಟು ಹೊತ್ತು ಅದು ಮೀನುಗಳ ಹಿಂದೆಯೇ ತಿರುಗಿತು. ಗೌಸ ಒಮ್ಮೆ ಅಜ್ಜನ ಮುಖ ನೋಡಿದ, ಒಮ್ಮೆ ಎದುರಿನ ಅಂಗಡಿಯ ಬಾಗಿಲು ನೋಡಿದ. ಸುಮ್ಮನೆ ನಿಲ್ಲಲಾಗದೆ ಒಣ ಬಾಚಣಿಕೆಯನ್ನೇ ಮತ್ತೆ ಒರೆಸಿದ.

“ಕಲ್ಲಿಗೆ ಮೈ ತಿಕ್ಕತೈತೇನು?” ಅಂದ ಅಜ್ಜ ಕೊನೆಗೆ.

“ಇಲ್ರಿ.”

“ಮೇವು ಬಿಟ್ಟೈತೇನು?”

“ಎಲ್ಲಿ ಬಿಡತೈತ್ರಿ. ಮೂರೂದರ ಪಾಲು ಅದ ತಿಂತೈತಿ.”

“ಉಳಿದ ಎರಡಕ್ಕ ಹತ್ತೈತೇನು?”

“ಇಲ್ರಿ. ಅವು ಸ್ವಚ್ಛ ಅದಾವು.”

“ನಮ್ಮ ಕುರಿ ಹಟ್ಟ್ಯಾಗ ಒಂದ್ಸಲ ಕಜ್ಜಿ ಬಿದ್ದಿತ್ತು. ನಮ್ಮಪ್ಪ ಇದ್ದ ಆಗ. ನೋಡನೋಡತ ಹಿಂಡಿಗೆಲ್ಲ ಹಬ್ಬಿತು. ಗ್ವಾಡಿಗೆ ಮೈ ತಿಕ್ಕಿ ತಿಕ್ಕಿ ತುಪ್ಪಳ ಕಿತ್ತುಕೊಂಡ್ವು, ಎಳೇ ಹುಲ್ಲು ಹಾಕಿದ್ರೂ ಮೂಸಿ ನೋಡಲಿಲ್ಲ. ಈ ನಿನ್ನ ಮೀನಿಗೆ ಗಲ್ಲದ ಮ್ಯಾಲಷ್ಟ ಐತಿ, ರೆಕ್ಕಿ ಅಂಚಿಗೆ ಒಂದೀಟು. ಎರಡೂ ಕಡಿ ಒಂದ ನಮೂನಿ, ರವಾ ಉದುರಿಸಿದಂಗ. ಕಜ್ಜಿಗೆ ಇಷ್ಟು ಶಿಸ್ತು ಇರಂಗಿಲ್ಲ.”

“ಮತ್ತ ಏನ್ರಿ ಇದು?”

ಅಜ್ಜ ಬೆರಳು ತೋರಿಸಿದ. ಗುಳ್ಳೆಯ ಮೀನು ಹೊಟ್ಟೆ ದಪ್ಪಗಿದ್ದ ಇನ್ನೊಂದರ ಬೆನ್ನು ಬಿದ್ದಿತ್ತು. ಅದು ಮೇಲೆ ಹೋದರೆ ಇದೂ ಮೇಲೆ, ಅದು ಮೂಲೆಗೆ ಸರಿದರೆ ಇದೂ ಮೂಲೆಗೆ. ನಡುನಡುವೆ ಮೂತಿಯಿಂದ ಅದರ ಹೊಟ್ಟೆಯನ್ನು ಮೆಲ್ಲಗೆ ನೂಕುತ್ತಿತ್ತು.

“ಎಷ್ಟು ದಿನದಿಂದ ನಡದೈತಿ ಇದು?”

“ವಾರ ಆತ್ರಿ. ಜಗಳ ಆಡಾಕತ್ತಾವು ಅಂದ್ಕೊಂಡಿದ್ದೆ.”

“ದಿನಾ ಈ ಕುರ್ಚ್ಯಾಗ ಮೀಸಿ ಚಿಗುರೋ ಹುಡುಗರ ಗಲ್ಲ ಹಿಡಿದು ನೋಡ್ತೀಯಲ್ಲೋ. ಗುರ್ತು ಸಿಗಲಿಲ್ಲೇನು? ಗಂಡು ಅದು. ವಯಸ್ಸಿಗೆ ಬಂದೈತಿ.”

ಮೂವತ್ತು ವರ್ಷದಿಂದ ಊರಿನ ಮೊಡವೆಗಳ ಸುತ್ತ ಕತ್ತಿ ತಿರುಗಿಸಿದ ಗೌಸ ತೊಟ್ಟಿಯ ಗಾಜಿಗೆ ಮೂಗು ಹಚ್ಚಿ ನೋಡಿದ. ಆಮೇಲೆ ಪಟಿಕದ ಹರಳನ್ನು ಯಾರಿಗೂ ಕಾಣದಂತೆ ಖಾನೆಯೊಳಗೆ ಹಾಕಿದ. ಸುಭಾಷ ಯಾವಾಗ ಹೊಸ್ತಿಲು ದಾಟಿದನೋ, ಅವನೂ ಗೌಸನ ಪಕ್ಕದಲ್ಲಿ ಬಗ್ಗಿ ನಿಂತಿದ್ದ.

“ಹಂಗಾರ ಇದಕ್ಕ ಔಷಧ ಏನ್ರಿ ಅಜ್ಜಾರ?”

“ಆ ನೀಲಿ ನೀರು ತಗದು ಒಳ್ಳೇ ನೀರು ಹಾಕು, ಸಾಕು. ಉಳಿದದ್ದಕ್ಕ, ನಾಡಿದ್ದು ಇವಂಗ ಏನು ಮಾಡ್ತೇವಿ, ಅದ ಔಷಧ.”

ಸುಭಾಷ ಕೆಂಪಾದ. ಹೋಗಿ ಅಜ್ಜನ ಕಾಲದ ಕುರ್ಚಿಯಲ್ಲಿ ಕುಳಿತು ಕತ್ತು ಹಿಂದಕ್ಕೆ ಚಾಚಿದ. ಗೌಸ ಮೊಳೆಯಿಂದ ಬಿಳಿ ಬಟ್ಟೆ ತೆಗೆದು ಪಟಪಟ ಜಾಡಿಸಿದ. ತೊಟ್ಟಿಯಲ್ಲಿ ಗಂಡು, ಹೆಣ್ಣನ್ನು ಪ್ಲಾಸ್ಟಿಕ್ ಗಿಡದ ಸಂದಿಗೆ ಒಯ್ದು ನಿಲ್ಲಿಸಿತ್ತು. ಗೌಸ ಅದನ್ನು ನೋಡಿದ, ಕುರ್ಚಿಯನ್ನು ನೋಡಿದ, ಆಮೇಲೆ ಬಟ್ಟೆಯನ್ನು ಒಯ್ದು ತೊಟ್ಟಿಯ ಸುತ್ತ ಸುತ್ತಿ ಹಿಂದೆ ಗಂಟು ಹಾಕಿದ.

“ಕಾಕಾ, ಬಟ್ಟಿ ನನಗ ಕಟ್ಟಬೇಕಲ್ಲ?” ಅಂದ ಸುಭಾಷ ಕನ್ನಡಿಯಲ್ಲೇ ನೋಡುತ್ತ.

“ತಡಿಯೋ,” ಅಂದ ಗೌಸ. “ನಿಂದು ನಾಡಿದ್ದು. ಅಂವಂದು ಇವತ್ತ ಐತಿ.”