ಹಗ್ಗ ಹಿಡಿಯುವವನು

ಹೆಜ್ಜೇನಿಗೆಂದು ಬಂಡೆ ಇಳಿಯುವವನ ಹಗ್ಗವನ್ನು ಅವನ ಹೆಂಡತಿಯ ಒಡಹುಟ್ಟಿದವನೇ ಹಿಡಿಯಬೇಕು ಎಂಬುದು ಆ ಹಾಡಿಯ ಕಟ್ಟಳೆ. ಒಡಹುಟ್ಟಿದವಳ ತಾಳಿ ಕಾಯುವ ಕೈ ಹಗ್ಗ ಬಿಡುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಈ ಸಲ ಪೇಟೆಯಿಂದ ಸೊಂಟಕ್ಕೆ ಬಿಗಿಯುವ ಹೊಸ ಹಾರ್ನೆಸ್ ಬಂದಿದ್ದರೂ ಜೇನಿಗೆ ಇಳಿಯಲಿದ್ದ ಕೇತ ಆ ಕಟ್ಟಳೆ ಮೀರಲಿಲ್ಲ.

ಭಾವಮೈದುನ ಮಂಡಿಯೂರಿ ಹಾರ್ನೆಸನ್ನು ಅವನಿಗೆ ತೊಡಿಸಿದ. ಪಟ್ಟಿಯನ್ನು ಸೊಂಟದ ಮೂಳೆಗಿಂತ ಮೇಲೆ ಕೂರಿಸಿ, ತುದಿಯನ್ನು ಬಕಲಿನೊಳಗೆ ಹಿಂದಕ್ಕೆ ಮಡಚಿ ಇನ್ನೊಮ್ಮೆ ತೂರಿಸಿ, ಬಲವಾಗಿ ಜಗ್ಗಿ ನೋಡಿದ.

"ಅಂಗೈ ತೂರ್ಬೇಕು, ಮುಷ್ಟಿ ತೂರ್ಬಾರ್ದು. ಸರಿಯಾಗಿದೆ ಭಾವ."

ಆಮೇಲೆ ಅವನ ಕಣ್ಣು ಕೇತನ ಮುಂಗೈ ಮೇಲೆ ನಿಂತಿತು.

"ಈ ಗೀರು ಇನ್ನೂ ಮಾಯ್ದಿಲ್ವಲ್ಲ."

"ಮುಳ್ಳು ತರಚಿದ್ದು," ಎಂದು ಕೇತ ಕೈ ಎಳೆದುಕೊಂಡ.

"ಉಗುರಿನ ತರ ಕಾಣ್ತದೆ."

ಕೇತ ಅಂಚು ದಾಟಿ ಇಳಿದ. ಅರ್ಧ ಬಂಡೆ ಇಳಿಯುವಷ್ಟರಲ್ಲಿ ಜೇನುಹುಳ ಎಬ್ಬಿಸಲು ಕೆಳಗೆ ಹಾಕಿದ್ದ ಹೊಗೆಯೊಳಗಿಂದ ಹೆಂಗಸಿನ ಕೆಮ್ಮೊಂದು ಕೇಳಿಸಿತು. ಅದು ಅವನಿಗೆ ಗುರುತಿದ್ದ ಕೆಮ್ಮು. ಬಗ್ಗಿ ನೋಡಿದರೆ ಯಾರೂ ಇರಲಿಲ್ಲ.

"ಹಗ್ಗ ಗಟ್ಟಿಯಾಗಿ ಹಿಡ್ಕೊಂಡಿದ್ದೀಯಾ?" ಎಂದು ಕೇತ ಕೂಗಿದ.

ಮೇಲಿನಿಂದ ಮೆಲುದನಿ ಇಳಿದು ಬಂತು.

"ಹಿಡ್ದಿವ್ನಿ ಭಾವ. ಆದ್ರೆ ಅಕ್ಕನ್ನ ಮಣ್ಣು ಮಾಡಿ ತಿಂಗಳಾಯ್ತು. ನಾನಿನ್ನು ಯಾರ ತಾಳಿ ಕಾಯ್ಲಿ?"