ನಾಲ್ಕು ಬೆರಳು ಮಣ್ಣು

ಸ್ಕ್ರೂಡ್ರೈವರ್ ನೆಲದೊಳಕ್ಕೆ ನಾಲ್ಕು ಬೆರಳಿನಷ್ಟು ಇಳಿದು ಟಣ್ ಎಂದು ನಿಂತಿತು. ನಿಡಿಯಾ ಅದನ್ನು ಕಿತ್ತು ಒಂದು ಗೇಣು ಆಚೆ ಚುಚ್ಚಿದಳು. ಅಲ್ಲೂ ಟಣ್. ಹುಲ್ಲು ಹಸಿರಿದ್ದ ಕಡೆ ಚುಚ್ಚಿದರೆ ಹಿಡಿಯವರೆಗೂ ಸಲೀಸಾಗಿ ಇಳಿಯಿತು. ಇನ್ನು ನೋಡುವುದೇನೂ ಉಳಿದಿರಲಿಲ್ಲ. ಮನೆ ಕಟ್ಟಿದವರು ಮಿಕ್ಕ ಕಾಂಕ್ರೀಟನ್ನು ಅಂಗಳದಲ್ಲೇ ಸುರಿದು, ಮೇಲೆ ತೆಳ್ಳಗೆ ಮಣ್ಣೆಳೆದು ಹೋಗಿದ್ದರು. ಐದು ವಾರದ ಹಿಂದೆ ಆ ಮಣ್ಣಿನ ಮೇಲೆ ನಿಡಿಯಾಳ ಕಂಪನಿಯವರು ಹುಲ್ಲಿನ ಸುರುಳಿ ಬಿಚ್ಚಿ ಹಾಸಿದ್ದರು. ಈಗ ಎರಡು ಕಡೆ, ಬಾಗಿಲು ಮಲಗಿಸಿದಷ್ಟು ಅಗಲಕ್ಕೆ, ಹುಲ್ಲು ಸತ್ತು ಹಳದಿಯಾಗಿತ್ತು. ಬೇರಿಗೆ ಇಳಿಯಲು ಜಾಗವಿಲ್ಲ; ಒಕ್ಲಹೋಮದ ಜೂನ್ ಬಿಸಿಲಿಗೆ ಕಾಂಕ್ರೀಟು ಕಾವಲಿಯ ಹಾಗೆ ಕಾದು ಅದನ್ನು ಸುಟ್ಟುಹಾಕಿತ್ತು.

ಮನೆಯೊಡತಿ ಒಲೀಟಾ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿ, ಅರವತ್ತೆಂಟನೇ ವಯಸ್ಸಿನಲ್ಲಿ ತನ್ನದೆಂಬ ಮನೆ ಕಂಡವಳು. ಕೈಯಲ್ಲಿ ಬಡಾವಣೆಯ ಸಂಘದ ಪತ್ರವಿತ್ತು. ಮುಂದಿನ ಅಂಗಳ ಹೀಗಿರುವುದು ಬೀದಿಗೆ ಶೋಭೆಯಲ್ಲವಂತೆ. ಕಾರಣವೇನೆಂದು ಹುಲ್ಲು ಹಾಸಿದವರಿಂದಲೇ ಬರೆಸಿ ತರಬೇಕು, ಆ ಕಾರಣವನ್ನು ಹತ್ತು ದಿನದೊಳಗೆ ಇಲ್ಲವಾಗಿಸಬೇಕು. ಇಲ್ಲದಿದ್ದರೆ ದಂಡ, ದಂಡ ಕಟ್ಟದಿದ್ದರೆ ಮನೆಯ ಮೇಲೆ ದಾವೆ.

ಅವಳ ಕಾಲ ಬಳಿ ಹದಿಮೂರು ವರ್ಷದ ಕಂದು ನಾಯಿ ಹ್ಯಾಂಕ್ ಮಲಗಿತ್ತು. ಒಲೀಟಾ ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ದಿನವೂ ಅವಳ ಸೀಟಿನ ಹಿಂದೆ ಕೂತು ಊರು ಸುತ್ತಿದ ನಾಯಿ.

“ಪಕ್ಕದ ಮನೆಯೋರು ಇವನನ್ನೇ ದೂರ್ತಾರೆ ಕಣಮ್ಮ,” ಎಂದಳು ಒಲೀಟಾ. “ಇವನು ಹಿತ್ತಲಿನ ಜಲ್ಲಿ ಬಿಟ್ಟು ಎಲ್ಲೂ ಒಂದಕ್ಕೆ ಹೋಗಲ್ಲ. ಅಪ್ಪಿತಪ್ಪಿ ಹೋದ್ರೂ ನಾನು ನೀರಿನ ಡಬ್ಬ ಹಿಡ್ಕೊಂಡು ಹಿಂದೇನೇ ಓಡ್ತೀನಿ. ನೀನು ಕೆಲಸ ಬಲ್ಲವಳು. ನೀನು ಏನು ಹೇಳ್ತೀಯೋ ಅದನ್ನ ನಂಬ್ತೀನಿ.”

ನಾಯಿ ಉಚ್ಚೆ ಹೊಯ್ದ ಕಲೆ ತಟ್ಟೆಯಷ್ಟು ದುಂಡಗಿರುತ್ತದೆ, ಸುತ್ತ ಕಡುಹಸಿರು ಅಂಚು ಕಟ್ಟಿರುತ್ತದೆ. ಒಂಬತ್ತು ವರ್ಷದ ಕೆಲಸದಲ್ಲಿ ನಿಡಿಯಾ ಅಂಥವನ್ನು ನೂರಾರು ನೋಡಿದ್ದಳು. ಒಂದು ನಿಮಿಷ ಎಂದು ಹೇಳಿ, ಗಾಡಿಯೊಳಗೆ ಕೂತು ಕಂಪನಿಯ ಮಾಲೀಕ ಕ್ರೌಡರ್‌ಗೆ ಫೋನು ಮಾಡಿದಳು. ಕಾಂಕ್ರೀಟು ಎಂದಾಗ ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಆ ಮನೆಯಲ್ಲಿ ನಾಯಿ ಇದೆಯಾ ಎಂದು ಕೇಳಿದ. ಇದೆ, ಆದರೆ, ಎನ್ನುವಷ್ಟರಲ್ಲಿ ಹಾಗಾದರೆ ನಾಯಿ ಅಂತ ಬರಿ ಎಂದ. ಆಮೇಲೆ ಸಮಾಧಾನದಿಂದಲೇ ತಿಳಿಸಿ ಹೇಳಿದ. ಆ ಮನೆಗಳನ್ನು ಕಟ್ಟಿಸಿದ ಗುತ್ತಿಗೆದಾರ ಇನ್ನೂ ನಲವತ್ತು ಮನೆಯ ಹುಲ್ಲಿನ ಕೆಲಸ ಕೊಡುವವನಿದ್ದಾನೆ. ಒಂದು ಕಡೆ ಕಾಂಕ್ರೀಟು ಎಂದು ಬರೆದರೆ ಇಡೀ ಸಾಲಿನ ಅಂಗಳಗಳನ್ನೇ ಅಗೆಸಬೇಕಾಗುತ್ತದೆ.

“ನೀನು ಸತ್ಯ ಬರೀತೀನಿ ಅಂದ್ರೆ ನಾನು ಬೇಡ ಅನ್ನಲ್ಲ,” ಎಂದ. “ನಾಳೆಯಿಂದ ಆ ಸ್ಕ್ರೂಡ್ರೈವರ್ನ ನಿನ್ನ ಮನೇಲೇ ಇಟ್ಕೊ.”

ನಿಡಿಯಾ ಬರೆದಳು: ಸಾಕುಪ್ರಾಣಿಯ ಮೂತ್ರದಿಂದಾದ ಹಾನಿ. ಗ್ಯಾರಂಟಿಗೆ ಸೇರುವುದಿಲ್ಲ.

ಒಲೀಟಾ ಕನ್ನಡಕ ಏರಿಸಿ ಎರಡು ಸಲ ಓದಿದಳು. ಬೈಯುತ್ತಾಳೆ, ಇನ್ನೊಬ್ಬರನ್ನು ಕರೆಸಿ ತೋರಿಸುತ್ತೇನೆ ಎನ್ನುತ್ತಾಳೆ ಎಂದು ನಿಡಿಯಾ ಕಾದಳು. ಒಲೀಟಾ ಬಗ್ಗಿ ನಾಯಿಯ ಕಿವಿ ಹಿಂಡಿದಳು. “ಎಲಾ ಕಳ್ಳ, ನನ್ನ ಕಣ್ಣಿಗೇ ಮಣ್ಣೆರಚಿದ್ಯಲ್ಲೋ,” ಎಂದು ನಕ್ಕಳು. ನಿಡಿಯಾಳಿಗೆ ಐಸ್ ಹಾಕಿದ ಟೀ ತಂದುಕೊಟ್ಟಳು. ನಿಡಿಯಾ ಅದನ್ನು ಪೂರ್ತಿ ಕುಡಿದೇ ಹೋದಳು.

ಮೂರು ವಾರ ಕಳೆದ ಮೇಲೆ, ಒಂದು ಭಾನುವಾರ, ನಿಡಿಯಾ ತನ್ನದೇ ಗಾಡಿಯಲ್ಲಿ ಬಂದಳು. ಹಿಂದೆ ಹಾರೆ, ಪಿಕಾಸಿ, ಆರು ಚೀಲ ಮಣ್ಣು, ಹುಲ್ಲಿನ ಸುರುಳಿಗಳು. ಕಂಪನಿಗೆ ತಿಳಿಸಿರಲಿಲ್ಲ. ಬಾಯಿಬಿಟ್ಟು ಹೇಳುವ ಧೈರ್ಯ ಅವಳಿಗಿರಲಿಲ್ಲ. ಅಗೆದರೆ ಕಾಂಕ್ರೀಟು ತಾನೇ ಮೇಲೆ ಬರುತ್ತದೆ, ಒಲೀಟಾ ಕಣ್ಣಾರೆ ನೋಡಲಿ ಎಂದುಕೊಂಡಿದ್ದಳು.

ಮೆಟ್ಟಿಲ ಮೇಲೆ ನಾಯಿ ಇರಲಿಲ್ಲ. ಹ್ಯಾಂಕ್ ಎಲ್ಲಿ ಎಂದು ಕೇಳಿದಳು.

ಒಲೀಟಾ ಬಾಗಿಲಿಗೆ ಒರಗಿ ನಿಂತೇ ಹೇಳಿದಳು. ಹುಲ್ಲು ಮತ್ತೆ ಬೇರು ಬಿಡುವವರೆಗೆ ನಾಯಿ ಈ ಮನೆಯಲ್ಲಿ ಇರಕೂಡದೆಂದು ಸಂಘದವರು ಬರೆದರು. ಒಂದು ತಿಂಗಳ ಮಾತಲ್ಲವೇ ಎಂದು ನಲವತ್ತು ಮೈಲಿ ಆಚೆ ತಂಗಿಯ ಮಗನ ಹೊಲದ ಮನೆಯಲ್ಲಿ ಬಿಟ್ಟು ಬಂದಳು. ಮೂರನೇ ದಿನ ಅದು ಹಗ್ಗ ಕಡಿದುಕೊಂಡು ಹೊರಟಿತ್ತು. ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿತು.

“ಮುಖ ಈ ಕಡೆಗೇ ಇತ್ತಂತೆ,” ಎಂದಳು. “ಮನೆ ಕಡೆಗೆ.”

ನಿಡಿಯಾ ಗಾಡಿಯಿಂದ ಪಿಕಾಸಿ ಇಳಿಸಿಕೊಂಡು ಸತ್ತ ಹುಲ್ಲಿನ ಮೇಲೆ ಬಂದು ನಿಂತಳು. “ಇದನ್ನ ಅಗೆದು ಹೊಸದು ಹಾಕಿಕೊಡ್ತೀನಮ್ಮ. ಕಂಪನಿ ಕೆಲಸ ಅಲ್ಲ, ನಂದೇ.”

“ಬೇಡ.”

“ಸಂಘದೋರು ಮತ್ತೆ ಬರೀತಾರೆ.”

“ಬರೀಲಿ.” ಒಲೀಟಾ ನಿಧಾನವಾಗಿ ಮೆಟ್ಟಿಲಿಳಿದು ಬಂದಳು. “ಹ್ಯಾಂಕನ ಬಟ್ಟಲು, ಕಂಬಳಿ ಎಲ್ಲಾನೂ ನನ್ನ ತಂಗಿ ಮಗ ಎತ್ಕೊಂಡು ಹೋಗಿಬಿಟ್ಟ. ನೋಡಿದ್ರೆ ಅಳ್ತೀನಂತೆ. ಅವನದು ಅಂತ ಈ ಮನೇಲಿ ಉಳಿದಿರೋದು ಈ ಕಲೆ ಒಂದೇ.”

ಇದು ಅವನದಲ್ಲ ಎಂಬ ಮಾತು ನಿಡಿಯಾಳ ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ಬಾಯಿ ತೆರೆದಳು.

ಒಲೀಟಾ ಅವಳ ತೋಳು ಹಿಡಿದು ಮೆಲ್ಲಗೆ ಪಕ್ಕಕ್ಕೆ ಎಳೆದಳು.

“ಸ್ವಲ್ಪ ಈ ಕಡೆ ನಿಂತ್ಕೊ ಮಗಳೇ. ಅದರ ಮೇಲೆ ಕಾಲಿಟ್ಟಿದ್ದೀಯ.”