ಮುಂದಿನ ಗಾಲಿ

ಬೋಲ್ಟು ಮತ್ತೆ ತಿರುಗಿತ್ತು.

ದಾಕ್ಷಾಯಣಿ ಹಲ್ಲುಜ್ಜುವುದನ್ನು ಅರ್ಧಕ್ಕೆ ಬಿಟ್ಟು ಶೆಡ್ಡಿನ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ನೋಡಿದಳು. ಬೈಕಿನ ಮುಂದಿನ ಗಾಲಿಯನ್ನು ಹಿಡಿದಿಡುವ ದಪ್ಪ ಬೋಲ್ಟು ಅದು. ನಿನ್ನೆ ಸಂಜೆ ಬಿಗಿ ಮಾಡಿ, ಬೋಲ್ಟಿನ ತಲೆಯಿಂದ ಪಕ್ಕದ ಫೋರ್ಕಿನವರೆಗೆ ಕೆಂಪು ನೇಲ್ ಪಾಲಿಶ್‌ನಿಂದ ಒಂದು ಗೆರೆ ಎಳೆದಿದ್ದಳು. ಈಗ ಗೆರೆ ಎರಡು ತುಂಡಾಗಿತ್ತು. ಬೋಲ್ಟಿನ ಮೇಲಿನ ತುಂಡು ಎಡಕ್ಕೆ ಸರಿದಿತ್ತು. ಎಡಕ್ಕೆ ಅಂದರೆ ಸಡಿಲ. ಬಾಟಲಿಯ ಮುಚ್ಚಳ ತೆಗೆಯುವ ಮಗುವಿಗೂ ಗೊತ್ತಿರುವ ವಿಷಯ.

ಯಾರೋ ಬಿಚ್ಚುತ್ತಿದ್ದಾರೆ. ಓಡುವಾಗ ಗಾಲಿ ಕಳಚಲಿ, ಇವಳು ಸಾಯಲಿ ಎಂದೇ ಬಿಚ್ಚುತ್ತಿದ್ದಾರೆ.

ಯಾರೋ ಏನು ಬಂತು? ಮನೆಯಲ್ಲಿ ಇದ್ದದ್ದೇ ಮೂವರು. ಗಂಡ ಶರಣು ಲೆಕ್ಕಪತ್ರದ ಕೆಲಸದವನು, ಮನೆಯ ಬಲ್ಬು ಬದಲಿಸಲೂ ಬಾರದ ಪುಣ್ಯಾತ್ಮ. ಉಳಿದದ್ದು ಮಾವ ಶೇಖರಪ್ಪ.

ಗಾಡಿ ಮಾವನದೇ. ಚಿಕ್ಕ ಎಂಜಿನ್ನಿನ ಹಳೇ ವಿಲಾಯಿತಿ ಬೈಕು. ನೌಕರಿಯಲ್ಲಿದ್ದಾಗ ಜಾಲಹಳ್ಳಿಯ ಫ್ಯಾಕ್ಟರಿಗೆ ಅದರಲ್ಲೇ ಹೋಗಿಬರುತ್ತಿದ್ದರಂತೆ. ಚಿಕ್ಕಬಾಣಾವರದಲ್ಲಿ ಈ ಮನೆ ಕಟ್ಟಿದಾಗಿನಿಂದ ಶೆಡ್ಡಿನಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು. ಕಾಲೇಜಿಗೆ ಹೋಗಿಬರಲು ಆದೀತೆಂದು ಸೊಸೆ ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು ಅದನ್ನು ಬಿಚ್ಚಿ, ತುಕ್ಕು ತಿಕ್ಕಿ, ಕಾರ್ಬುರೇಟರ್ ತೊಳೆಯಲು ಶುರು ಮಾಡಿದಾಗ ಮಾವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅನ್ನುವುದಾದರೂ ಹೇಗೆ? ಅವಳು ಮದುವೆಯಾಗಿ ಬಂದಾಗಿನಿಂದ ಅವರು ಅವಳೊಂದಿಗೆ ನೇರ ಒಂದು ಮಾತೂ ಆಡಿದವರಲ್ಲ. ವಿಜಯಪುರದ ಕಡೆಯ ಹಳೇ ಮರ್ಯಾದೆ. ಸಾರಿಗೆ ಉಪ್ಪು ಕಡಿಮೆಯಾದರೂ ಅದು ಅತ್ತೆ ರತ್ನವ್ವನ ಬಾಯಿಂದಲೇ ಸೊಸೆಯ ಕಿವಿಗೆ ಬರಬೇಕು. ಆ ರತ್ನವ್ವ ಮಗಳ ಬಾಣಂತನಕ್ಕೆಂದು ಊರಿಗೆ ಹೋಗಿದ್ದಳು. ಈಗ ಮಾವನ ಮಾತೇನಿದ್ದರೂ ಗೋಡೆಗೆ.

ಮೊನ್ನೆ ಗೋಡೆಗೆ ಹೇಳಿದ್ದರು: “ಆ ಮುಂದಿನ ಗಾಲಿ ಆಕೀನ ಕೆಡವತೈತಿ.”

ದಾಕ್ಷಾಯಣಿ ಅದನ್ನು ಕೇಳಿಸಿಕೊಂಡಿದ್ದಳು.

ಶರಣುವಿಗೆ ಹೇಳಿದಳು. ಅವನು ನಕ್ಕುಬಿಟ್ಟ.

“ಅಪ್ಪಗೇನ್ ತಲಿ ಕೆಟ್ಟೈತೇನ? ನೀನ ಸರಿಯಾಗಿ ಬಿಗಿ ಮಾಡಿರಂಗಿಲ್ಲ.”

“ಕೈಗೆ ಬೊಬ್ಬಿ ಬರೂ ಹಂಗ ತಿರುವೀನ್ರಿ! ದಿನಾ ಸಂಜಿಗೆ ತಿರುವ್ತೀನಿ, ದಿನಾ ಮುಂಜಾನೆ ಸರದಿರತೈತಿ.”

“ಅಪ್ಪಾನೂ ಆ ಗಾಲಿ ಬಗ್ಗೆ ಏನೋ ಹೇಳಾಕ ಬಂದಿದ್ದ. ಆಫೀಸಿಗೆ ಹೊತ್ತಾಗಿತ್ತು, ನಾ ನಿಲ್ಲಲಿಲ್ಲ. ಹೋಗ್ಲಿ ಬಿಡು, ಕಾಲೇಜಿಗೆ ಬಸ್ ಅದಾವಲ್ಲ.”

ಬಿಡುವವಳಲ್ಲ ಅವಳು. ಮರುದಿನ ಬೇಗ ಎದ್ದು ಅಡುಗೆಮನೆಯ ಕಿಟಕಿಯಲ್ಲಿ ಕಾದಳು. ಶೆಡ್ಡಿನಿಂದ ಮಾವ ಹೊರಬಂದರು. ಕೈ ತುಂಬ ಕರಿ ಗ್ರೀಸು. ನಲ್ಲಿಯ ಕೆಳಗೆ ಸೋಪಿನ ಪುಡಿ ಹಾಕಿ ಉಜ್ಜಿ ಉಜ್ಜಿ ತೊಳೆದರು. ಕಿಟಕಿಯಲ್ಲಿ ಸೊಸೆ ಕಂಡದ್ದೇ ತಡ, ಪಕ್ಕಕ್ಕಿಟ್ಟಿದ್ದ ಸ್ಪ್ಯಾನರನ್ನು ಧೋತರದ ಮಡಿಕೆಗೆ ಸೇರಿಸಿ ಮುಖ ತಿರುಗಿಸಿ ನಡೆದುಬಿಟ್ಟರು.

ಹಬ್ಬ ಹುಣ್ಣಿಮೆಗೆ ತಾನು ಕಾಲಿಗೆ ಬೀಳುತ್ತಿದ್ದ ಮನುಷ್ಯ. ಅವರಿಗೆ ತಾನು ಸಾಯಬೇಕಾಗಿದೆ. ದಾಕ್ಷಾಯಣಿಗೆ ಅಳು ಬಂತು. ಆಮೇಲೆ ಅದಕ್ಕಿಂತ ಜೋರಾಗಿ ಸಿಟ್ಟು ಬಂತು.

ಅಂದು ಸಂಜೆ ಗಾಡಿ ಸ್ಟಾರ್ಟ್ ಆಯಿತು. ನಾಳೆ ಇದರಲ್ಲೇ ಕಾಲೇಜಿಗೆ, ಯಾರು ಏನೇ ಮಾಡಲಿ! ಬೋಲ್ಟಿಗೆ ಎಣ್ಣೆ ಬಿಟ್ಟು ಬಲಕ್ಕೆ ತಿರುಗಿಸಿದಳು. ಮೊದಲು ಬಿಗಿಯಾಗಿದ್ದದ್ದು ಆಮೇಲೆ ಸಲೀಸಾಗಿ ತಿರುಗಿತು. ಎಣ್ಣೆ ಬಿಟ್ಟದ್ದು ಒಳ್ಳೆಯದಾಯಿತು ಎಂದುಕೊಂಡು ಇನ್ನೂ ಒಂದೆರಡು ಸುತ್ತು ಹಾಕಿದಳು. ಹೊಸ ಗೆರೆ ಎಳೆದಳು. ಶೆಡ್ಡಿಗೆ ದೊಡ್ಡ ಬೀಗ ಜಡಿದು ಕೀಲಿಯನ್ನು ತಾಳಿಸರದ ಪಿನ್ನಿಗೆ ಸಿಕ್ಕಿಸಿಕೊಂಡಳು.

ಶರಣು ಆಡಿಟ್ ಕೆಲಸಕ್ಕೆಂದು ಮೈಸೂರಿನಲ್ಲಿದ್ದ. ಮಾವ ಅಂಗಳದಲ್ಲಿ ನಿಂತು ಆ ಬೀಗವನ್ನೇ ನೋಡಿದರು. ತುಳಸಿಕಟ್ಟೆಯ ಕಡೆ ತಿರುಗಿ ಹೇಳಿದರು: “ಬೀಗ ಹಾಕಬಾರದಿತ್ತು. ನಾಳೆ ಏನಾರ ಆದ್ರ?”

ದಾಕ್ಷಾಯಣಿ ಸರಸರನೆ ಒಳಗೆ ಹೋಗಿ ಬಾಗಿಲಿಗೆ ಚಿಲಕ ಹಾಕಿಕೊಂಡಳು.

ಬೆಳಿಗ್ಗೆ ಬೀಗ ತೆಗೆದು ನೋಡಿದರೆ ಗೆರೆ ನೂಲು ಹಿಡಿದಂತೆ ನೆಟ್ಟಗಿತ್ತು. ಒಂದು ಕೂದಲೆಳೆಯಷ್ಟೂ ಸರಿದಿರಲಿಲ್ಲ. ಇನ್ನೇನು ಸಾಕ್ಷಿ ಬೇಕು? ಮಾವ ಸ್ನಾನಕ್ಕೆ ಹೋದ ಸಮಯ ನೋಡಿ ಹೆಲ್ಮೆಟ್ ಹಾಕಿದಳು, ಕಿಕ್ ಹೊಡೆದಳು. ಎಂಜಿನ್ ಬಡಬಡಿಸಿತು. ಗೇಟು ದಾಟಿ ಇಳಿಜಾರಿಗೆ ಬಿದ್ದಳು. ಕೆಳಗೆ ಹೆಸರಘಟ್ಟ ರಸ್ತೆಯಲ್ಲಿ ಜಲ್ಲಿ ಲಾರಿಗಳು ಒಂದರ ಹಿಂದೊಂದು ಓಡುತ್ತಿದ್ದವು.

ಕನ್ನಡಿಯಲ್ಲಿ ಮಾವ ಕಂಡರು. ಒದ್ದೆ ಮೈ, ಬರಿಗಾಲು, ಸೊಂಟಕ್ಕೊಂದು ಟವೆಲ್ಲು. ಎರಡೂ ಕೈ ಬೀಸುತ್ತ, ಬಾಯಿ ಬಿಟ್ಟು ಏನೋ ಕೂಗುತ್ತ ಓಡಿ ಬರುತ್ತಿದ್ದರು. ಆಟ ಕೆಟ್ಟಿತಲ್ಲ, ಕೂಗಲಿ ಎಂದುಕೊಂಡಳು ದಾಕ್ಷಾಯಣಿ. ಎಂಜಿನ್ನಿನ ಸದ್ದಿನಲ್ಲಿ ಒಂದು ಮಾತೂ ಕೇಳಿಸಲಿಲ್ಲ. ಆಕ್ಸಿಲರೇಟರ್ ಇನ್ನಷ್ಟು ತಿರುಗಿಸಿದಳು.

“ನಿಲ್ಲ ಯವ್ವಾ, ದಾಕ್ಷಾಯಣೀ! ಅದು ಉಲ್ಟಾ ಥ್ರೆಡ್ಡಿನ ಬೋಲ್ಟು, ಎಡಕ್ಕ ತಿರುವಿದ್ರ ಬಿಗಿ ಆಗತೈತಿ! ದಿನಾ ಸಂಜಿಗೆ ಬಿಚ್ಚಾಕಿ ನೀನ, ದಿನಾ ಮುಂಜಾನೆ ಬಿಗಿ ಮಾಡಾಂವ ನಾನ!”